ಕಂಪನಿಯವರೇ ಟ್ರೇನಿಂಗ್ ಕೊಟ್ಟು ಲಾರಿ ಡ್ರೈವರ್ ಮಾಡ್ತೀವಿ ಅಂತಾರೆ, ಸೇರಬಹುದಾ?

ನಿಮ್ಮ ಪ್ರಶ್ನೆ ಇಷ್ಟು ತಾನೇ? ವಯಸ್ಸು 22, ಪಿಯುಸಿ ಆಗಿದೆ, ಎರಡು ವರ್ಷದಿಂದ ಕಾರಿನ ಲೈಸೆನ್ಸ್ ಇದೆ, ಕನ್ನಡಕ ಹಾಕುತ್ತೀರಿ. ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯವರು ಫ್ರೀಯಾಗಿ ಹೆವಿ ಟ್ರೇನಿಂಗ್ ಕೊಟ್ಟು, ಲೈಸೆನ್ಸನ್ನೂ ಮಾಡಿಸಿ, ಕೆಲಸಕ್ಕೆ ತಗೊಳ್ತೀವಿ ಅಂದಿದ್ದಾರೆ. ಎರಡು ವರ್ಷದ ಬಾಂಡ್, ಅಂದರೆ ಅಷ್ಟು ದಿನ ಕೆಲಸ ಬಿಡಲ್ಲ, ಬಿಟ್ಟರೆ ದುಡ್ಡು ಕಟ್ತೀನಿ ಅನ್ನೋ ಒಪ್ಪಂದ ಕೇಳಿದ್ದಾರೆ.

ನಾನು ಬಂದಿದ್ದೂ ಇದೇ ದಾರಿಯಲ್ಲಿ. ಊರು ರಾಣೆಬೆನ್ನೂರು ಹತ್ತಿರ. ಲಾರಿ ಓಡಿಸೋಕೆ ಶುರುಮಾಡಿ ಏಳು ವರ್ಷ ಆಯ್ತು. ಸೇರಬಹುದು ಅಂತಲೇ ಹೇಳ್ತೀನಿ. ಆದರೆ ನೀವು ಕಂಪನಿಯವರಿಗೆ ಕೇಳಬೇಕಾದ ಮುಖ್ಯ ಪ್ರಶ್ನೆಯನ್ನೇ ಕೇಳಿಲ್ಲ.

ಮೊದಲು ಲೈಸೆನ್ಸ್ ವಿಷಯ ಮುಗಿಸಿಬಿಡ್ತೀನಿ. ಟ್ರಾನ್ಸ್‌ಪೋರ್ಟ್ ಗಾಡಿಗೆ 20 ವರ್ಷ ತುಂಬಿರಬೇಕು, ಕಾರಿನ ಲೈಸೆನ್ಸ್ ಸಿಕ್ಕು ಒಂದು ವರ್ಷ ಆಗಿರಬೇಕು. ಎರಡೂ ನಿಮಗೆ ಆಗಿದೆ. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋ ನಿಯಮವನ್ನು 2019ರಲ್ಲೇ ತೆಗೆದರು. ಡಾಕ್ಟರ್ ಹತ್ತಿರ ಫಾರ್ಮ್ 1ಎ (ಮೆಡಿಕಲ್ ಸರ್ಟಿಫಿಕೇಟ್), ಡ್ರೈವಿಂಗ್ ಸ್ಕೂಲಿನಿಂದ ಫಾರ್ಮ್ 5 (ಟ್ರೇನಿಂಗ್ ಸರ್ಟಿಫಿಕೇಟ್) ಬೇಕು. ಕಂಪನಿ ಕಳಿಸೋದು ಸರ್ಕಾರದ ಮಾನ್ಯತೆ ಇರುವ ಟ್ರೇನಿಂಗ್ ಸೆಂಟರ್‌ಗಾದರೆ, ಹೆವಿ ಕೋರ್ಸ್ ಆರು ವಾರದಲ್ಲಿ 38 ಗಂಟೆ ಇರುತ್ತೆ. ಅದರಲ್ಲಿ ಕ್ಲಾಸ್‌ರೂಮ್ ಪಾಠವೂ ಸೇರಿದೆ.

ಆ 38 ಗಂಟೆಯನ್ನು ಬಿಡಿಸಿ ನೋಡಿ. ಪಾಠದ ಗಂಟೆ ಕಳೆಯಿರಿ. ಒಂದು ಗಾಡಿಗೆ ನಾಲ್ಕೈದು ಹುಡುಗರು ಇದ್ದರೆ ಯಾರಿಗೆ ಎಷ್ಟು ಹೊತ್ತು ಸ್ಟೀರಿಂಗ್ ಸಿಗುತ್ತೆ ಅಂತ ಕೇಳಿಕೊಳ್ಳಿ. ಅದೂ ಖಾಲಿ ಗಾಡಿ, ಸಪಾಟು ರಸ್ತೆ. ನಾನು ಟ್ರೇನಿಂಗ್ ಮುಗಿಸಿದಾಗ ನನಗೆ ಬರ್ತಾ ಇದ್ದಿದ್ದು ಗೇರ್ ಹಾಕೋದು, ಡ್ರಮ್ ಇಟ್ಟ ಜಾಗದಲ್ಲಿ ರಿವರ್ಸ್ ತಗೊಳ್ಳೋದು, ಅಷ್ಟೇ. ಕೈಯಲ್ಲಿ ಲೈಸೆನ್ಸ್ ಇತ್ತು, ಡ್ರೈವರ್ ಮಾತ್ರ ಆಗಿರಲಿಲ್ಲ.

ಮೊದಲೆಲ್ಲ ಈ ಕೆಲಸ ಕಲಿಯೋಕೆ ಒಂದೇ ದಾರಿ ಇತ್ತು, ಕ್ಲೀನರ್ ಆಗೋದು. ಮೂರ್ನಾಲ್ಕು ವರ್ಷ ಗಾಡಿ ತೊಳೆದು, ಹಗ್ಗ ಬಿಗಿದು, ಟಾರ್ಪಾಲ್ ಕಟ್ಟಿ, ಬೈಗುಳ ತಿಂದ ಮೇಲೆ ಯಾವತ್ತೋ ಒಂದು ರಾತ್ರಿ ಡ್ರೈವರ್‌ಗೆ ನಿದ್ದೆ ಬಂದಾಗ ಸ್ಟೀರಿಂಗ್ ಸಿಗ್ತಿತ್ತು. ಆ ಪದ್ಧತಿ ಒಳ್ಳೇದಿತ್ತು ಅಂತ ನಾನು ಹೇಳಲ್ಲ. ಆದರೆ ಆ ಹುಡುಗ ಸ್ಟೀರಿಂಗ್ ಹಿಡಿಯೋ ಹೊತ್ತಿಗೆ ರಸ್ತೆ ಅವನ ಕಣ್ಣಲ್ಲಿ ಕೂತಿರ್ತಿತ್ತು. ಈಗ ಎಷ್ಟೋ ಕಡೆ ಕ್ಲೀನರೇ ಇಲ್ಲ. ಸಂಬಳ ಉಳಿಸೋಕೆ ಒಬ್ಬನೇ ಡ್ರೈವರ್‌ನ ಕಳಿಸ್ತಾರೆ. ಹಾಗಾಗಿ ಹೊಸ ಡ್ರೈವರ್‌ಗಳು ತಯಾರಾಗೋದೇ ನಿಂತುಹೋಗಿ ಕಂಪನಿಗಳೇ ಈ ಟ್ರೇನಿಂಗ್ ಶುರು ಮಾಡಬೇಕಾಯ್ತು. ನಿಮ್ಮ ಮೇಲೆ ಪ್ರೀತಿ ಉಕ್ಕಿ ಬಂದು ಅಲ್ಲ.

ಅದಕ್ಕೇ ಹೇಳಿದ್ದು. ಸ್ಟೈಪೆಂಡ್ ಎಷ್ಟು, ಬಾಂಡ್ ಎಷ್ಟು ಅನ್ನೋದಕ್ಕಿಂತ ಮೊದಲು ಇದನ್ನು ಕೇಳಿ: "ಲೈಸೆನ್ಸ್ ಬಂದ ಮೇಲೆ ಹಳೇ ಡ್ರೈವರ್ ಪಕ್ಕ ಎಷ್ಟು ತಿಂಗಳು ಕೂರಿಸ್ತೀರಿ?" ಒಂದು ವಾರ ಅಂದರೆ ಕೈಮುಗಿದು ಎದ್ದು ಬನ್ನಿ. ಮೂರು ತಿಂಗಳಿಗಿಂತ ಕಡಿಮೆಯಾದರೆ ನಾನಂತೂ ಒಪ್ಪಲ್ಲ.

ನನಗೆ ಐದು ತಿಂಗಳು ಸಿಕ್ಕಿತು. ಪಕ್ಕದಲ್ಲಿ ಕೂತಿದ್ದವರು ಧಾರವಾಡ ಕಡೆಯ ಒಬ್ಬ ಕಾಕಾ. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಮೊದಲ ದಿನ ಅವರು ಗಾಡಿ ಹತ್ತೋಕೇ ಬಿಡಲಿಲ್ಲ. ಕೈಗೆ ಕಬ್ಬಿಣದ ರಾಡ್ ಕೊಟ್ಟು, ಎಲ್ಲಾ ಟೈರಿಗೂ ಒಂದೊಂದು ಏಟು ಹಾಕಿಕೊಂಡು ಬಾ ಅಂದರು. ಹಿಂದಿನ ಟೈರ್‌ಗಳು ಜೋಡಿ ಜೋಡಿ ಇರುತ್ತವಲ್ಲ, ಒಳಗಿನದು ಪಂಚರ್ ಆದರೆ ಹೊರಗಿನದು ಭಾರ ಹೊತ್ತು ನಿಂತಿರುತ್ತೆ, ಕಣ್ಣಿಗೆ ಏನೂ ಗೊತ್ತಾಗಲ್ಲ. ರಾಡ್ ಏಟಿಗೆ ಗಾಳಿ ತುಂಬಿದ ಟೈರು ಠಣ್ ಅಂತ ಪುಟಿಯುತ್ತೆ. ಗಾಳಿ ಇಳಿದಿದ್ದು ದಪ್ ಅನ್ನುತ್ತೆ. ಒಂದು ಸುತ್ತು ಹಾಕಿ "ಎಲ್ಲಾ ಸರಿ ಇದೆ" ಅಂದೆ. ಅವರು ಇಳಿದು ಬಂದು ಎಡಗಡೆ ಒಳಟೈರಿಗೆ ಹೊಡೆದು ತೋರಿಸಿದರು. ದಪ್. ಆ ಶಬ್ದ ಇವತ್ತಿಗೂ ನನ್ನ ಕಿವಿಯಲ್ಲಿದೆ. ಈಗ ಟೀ ಕುಡಿಯೋಕೆ ನಿಲ್ಲಿಸಿದರೂ ಕೈ ತಾನಾಗೇ ರಾಡ್ ಹುಡುಕುತ್ತೆ.

ಇನ್ನೊಂದು ಪಾಠ ಅರಬೈಲ್ ಘಾಟಿಯಲ್ಲಿ. ಹುಬ್ಬಳ್ಳಿಯಿಂದ ಮಂಗಳೂರಿಗೆ ಫುಲ್ ಲೋಡ್. ಯಲ್ಲಾಪುರ ದಾಟಿ ಇಳಿಜಾರು ಶುರುವಾಯ್ತು. ಟಾಪ್ ಗೇರಿನಲ್ಲಿದ್ದೆ, ಬ್ರೇಕ್ ಒತ್ತಿ ಒತ್ತಿ ಬಿಡ್ತಿದ್ದೆ. ಎರಡು ತಿರುವು ಆಗುವಷ್ಟರಲ್ಲಿ ಸುಟ್ಟ ವಾಸನೆ. ಕಾಕಾ ಗಾಡಿ ಬದಿಗೆ ಹಾಕಿಸಿದರು. ಬ್ರೇಕ್ ಡ್ರಮ್ಮಿನಿಂದ ಸಣ್ಣಗೆ ಹೊಗೆ ಬರ್ತಿತ್ತು. ಅರ್ಧ ಗಂಟೆ ಸುಮ್ನೆ ಕೂತೆವು. ಆಮೇಲೆ ಒಂದೇ ಮಾತು ಹೇಳಿದರು: "ಏರಾಕ ಯಾವ ಗೇರ್ ಬೇಕೋ, ಇಳಿಯಾಕೂ ಅದ ಗೇರ್ ಬೇಕು, ತಮ್ಮಾ."

ಸಣ್ಣ ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತೆ. ಜೊತೆಗೆ ಎಂಜಿನ್ನಿನ ಹೊಗೆ ದಾರಿ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿದರೆ ಕಾಲಿಗೆ ಕೆಲಸವೇ ಕಡಿಮೆ. ಕಾಲಿನ ಬ್ರೇಕನ್ನೇ ನಂಬಿದರೆ ಡ್ರಮ್ ಕಾದು, ಕೊನೆಗೆ ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲಲ್ಲ. ಡೀಸೆಲ್ ಉಳಿಯುತ್ತೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರನ್ನು ನೋಡಿದ್ದೀನಿ. ಅಂಥವರ ಪಕ್ಕ ನಿಮ್ಮನ್ನು ಕೂರಿಸಿದರೆ ಬೇರೆ ಡ್ರೈವರ್ ಕೊಡಿ ಅಂತ ಮುಲಾಜಿಲ್ಲದೆ ಕೇಳಿ. ಕ್ಲಾಸ್‌ರೂಮಿನಲ್ಲೂ ಇದೇ ವಿಷಯ ಹೇಳಿದ್ದರು, ನಾನು ಬರೆದುಕೊಂಡೂ ಇದ್ದೆ. ವಾಸನೆ ಮೂಗಿಗೆ ಬರೋವರೆಗೂ ತಲೆಗೆ ಹೋಗಿರಲಿಲ್ಲ.

ಇನ್ನು ಬಾಂಡ್. ಫ್ರೀ ಟ್ರೇನಿಂಗ್ ಅನ್ನೋದು ಫ್ರೀ ಅಲ್ಲ, ನಿಮ್ಮ ಎರಡು ವರ್ಷವೇ ಅದರ ಬೆಲೆ. ಅದೇನೂ ಅನ್ಯಾಯ ಅಲ್ಲ, ಅವರೂ ಖರ್ಚು ಮಾಡಿರ್ತಾರೆ. ಆದರೆ ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು, ದುಡಿದ ತಿಂಗಳಿಗೆ ತಕ್ಕಂತೆ ಆ ಮೊತ್ತ ಇಳಿಯುತ್ತಾ, ಇದು ಬರವಣಿಗೆಯಲ್ಲಿ ಇರಲಿ. ನನ್ನ ಬಾಂಡ್ 40,000 ರೂಪಾಯಿಯದು. ಮೊದಲ ದಿನ ಬಿಟ್ಟರೂ 40,000, ಇಪ್ಪತ್ತಮೂರನೇ ತಿಂಗಳು ಬಿಟ್ಟರೂ 40,000. ಓದದೇ ಸೈನ್ ಹಾಕಿದ್ದೆ. ಇನ್ನೂ ದೊಡ್ಡ ತಪ್ಪು ಅಂದರೆ ಎಸ್ಸೆಸ್ಸೆಲ್ಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಕೈಗೆ ಕೊಟ್ಟಿದ್ದು. ಬಾಂಡ್ ಮುಗಿದ ಮೇಲೂ ಅದನ್ನು ವಾಪಸ್ ತಗೊಳ್ಳೋಕೆ ನಾಲ್ಕು ತಿಂಗಳು ಅಲೆದೆ. "ಸಾಹೇಬರು ಇಲ್ಲ, ನಾಳೆ ಬಾ." ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ಜೇಬಿಗೆ ಇಟ್ಟುಕೊಳ್ಳಿ.

ಸಂಬಳ, ಬತ್ತಾ (ಟ್ರಿಪ್ಪಿನಲ್ಲಿ ಊಟ-ಖರ್ಚಿಗೆ ಕೊಡೋ ದುಡ್ಡು) ಎರಡನ್ನೂ ಬೇರೆ ಬೇರೆ ಕೇಳಿ. ತಿಂಗಳಿಗೆ ಇಷ್ಟು ಬರುತ್ತೆ ಅಂತ ಅವರು ಹೇಳುವ ಲೆಕ್ಕದಲ್ಲಿ ಬತ್ತಾನೂ ಸೇರಿರುತ್ತೆ. ಗಾಡಿ ಲೋಡಿಗೆ ಕಾಯ್ತಾ ಯಾರ್ಡಿನಲ್ಲಿ ಮೂರು ದಿನ ನಿಂತರೆ ಬತ್ತಾ ಇದೆಯಾ? ಟಾರ್ಪಾಲ್ ಹರಿದರೆ, ಡೀಸೆಲ್ ಲೆಕ್ಕ ತಪ್ಪಿದರೆ ಯಾರ ಸಂಬಳದಲ್ಲಿ ಹಿಡೀತಾರೆ? ಇದಕ್ಕೆ ಉತ್ತರ ಆಫೀಸಿನಲ್ಲಿ ಸಿಗಲ್ಲ. ಬೆಳಿಗ್ಗೆ ಆರು ಗಂಟೆಗೆ ಅವರ ಯಾರ್ಡ್ ಗೇಟ್ ಹತ್ತಿರ ಹೋಗಿ ನಿಲ್ಲಿ. ರಾತ್ರಿಯೆಲ್ಲ ಓಡಿಸಿ ಬಂದ ಡ್ರೈವರ್‌ಗಳು ಟೀ ಅಂಗಡಿಗೆ ಬರ್ತಾರೆ. ಒಂದು ಟೀ ಕೊಡಿಸಿ, "ಅಣ್ಣಾ, ಹೋದ ತಿಂಗಳು ಕೈಗೆ ಎಷ್ಟು ಬಂತು?" ಅಂತ ಕೇಳಿ. ಬಾಯಿ ತುಂಬಾ ಹೇಳ್ತಾರೆ.

ಮದುವೆ ಬಗ್ಗೆ ಯಾರೂ ಹೇಳಲ್ಲ, ನಾನು ಹೇಳಿಬಿಡ್ತೀನಿ. ಲಾರಿ ಡ್ರೈವರ್ ಅಂದ ತಕ್ಷಣ ನನಗೆ ಎರಡು ಹೆಣ್ಣಿನ ಕಡೆಯವರು ಬೇಡ ಅಂದರು. ಮೂರನೆಯವರು ಒಪ್ಪಿದ್ದು, ಆ ಹುಡುಗಿಯ ಅಪ್ಪನೂ ಡ್ರೈವರ್ ಆಗಿದ್ದರಿಂದ. ಮನೆಗೆ ಬರೋದು ತಿಂಗಳಿಗೆ ನಾಲ್ಕೈದು ದಿನ. ಇದು ಬೇಡ ಅನಿಸಿದರೆ, ಕೆಲವು ಕಂಪನಿಗಳಲ್ಲಿ ನಾಲ್ಕೈದು ಗಂಟೆಗೊಬ್ಬ ಡ್ರೈವರ್ ಬದಲಾಗಿ, ನೀವು ಎದುರಿನಿಂದ ಬಂದ ಕಂಪನಿಯ ಇನ್ನೊಂದು ಗಾಡಿ ಓಡಿಸಿಕೊಂಡು ಅದೇ ದಿನ ಊರಿಗೆ ಬರೋ ವ್ಯವಸ್ಥೆ ಇದೆ. ಕೇಳಿ ನೋಡಿ.

ಕನ್ನಡಕದ ಬಗ್ಗೆ ಹೆದರಬೇಡಿ. ಕನ್ನಡಕ ಹಾಕಿಕೊಂಡು 25 ಮೀಟರ್ ದೂರದ ನಂಬರ್ ಪ್ಲೇಟ್ ಓದೋಕೆ ಬಂದರೆ, ಕೆಂಪು ಹಸಿರು ಬಣ್ಣ ಸರಿಯಾಗಿ ಗೊತ್ತಾದರೆ ಆಯ್ತು. ಆದರೆ ಎರಡು ಜೊತೆ ಮಾಡಿಸಿಕೊಳ್ಳಿ, ಒಂದು ಕ್ಯಾಬಿನ್ನಿನಲ್ಲೇ ಇರಲಿ. ನನ್ನದು ಸಿರಾ ಹತ್ತಿರ ಹಗ್ಗ ಬಿಗಿಯುವಾಗ ಕೆಳಗೆ ಬಿದ್ದು ನನ್ನ ಕಾಲಿಗೇ ಸಿಕ್ಕಿ ಪುಡಿಯಾಯ್ತು. ಬೆಳಿಗ್ಗೆ ಕನ್ನಡಕದ ಅಂಗಡಿ ತೆಗೆಯೋವರೆಗೂ ಹೈವೇ ಬದಿಯಲ್ಲೇ ಮಲಗಿದ್ದೆ. ಆ ಟ್ರಿಪ್ಪಿನ ಬತ್ತಾನೂ ಹೋಯ್ತು.