ಕೊಳೆ ಕೂತ ಹಳಿ ಮತ್ತು ಡಿಕೋಡರ್

ಪ್ರಶ್ನೆ: ಮಹಡಿಯ ಕೋಣೆಯಲ್ಲಿ ಎಚ್‌ಒ ಅಳತೆಯ (ನಿಜ ರೈಲಿನ 87ನೇ ಒಂದು ಭಾಗದಷ್ಟು) ಮಾದರಿ ರೈಲು ಹಾಕಿ, ಹಳಿಯ ಮೂಲಕವೇ ಎಂಜಿನ್ನಿಗೆ ಡಿಜಿಟಲ್ ಆಜ್ಞೆ ಕಳಿಸುವ ಡಿಸಿಸಿ ಪದ್ಧತಿಯಲ್ಲಿ ಓಡಿಸುತ್ತಿದ್ದೇನೆ. ಕೆಲವು ದಿನ ಬಿಟ್ಟು ಓಡಿಸಿದರೆ ಎಂಜಿನ್ ತಡೆತಡೆದು ನಿಲ್ಲುತ್ತದೆ. ಒಮ್ಮೊಮ್ಮೆ ತಾನಾಗಿಯೇ ಪೂರ್ಣ ವೇಗದಲ್ಲಿ ನುಗ್ಗುತ್ತದೆ. ಹಳಿಯ ಕೊಳೆಯಿಂದಾಗಿ ಡಿಕೋಡರ್ (ಎಂಜಿನ್ನಿನೊಳಗೆ ಕುಳಿತು ಆಜ್ಞೆ ಓದುವ ಸಾಧನ) ಆಜ್ಞೆಯನ್ನು ತಪ್ಪಾಗಿ ಓದುತ್ತಿದೆಯೇ?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ತಪ್ಪಾಗಿ ಓದುವ ಸಾಧ್ಯತೆ ತೀರಾ ಕಡಿಮೆ. ಡಿಸಿಸಿಯಲ್ಲಿ ಮೋಟಾರಿಗೆ ಬೇಕಾದ ವಿದ್ಯುತ್ತೇ ಆಜ್ಞೆಯನ್ನೂ ಹೊತ್ತು ತರುತ್ತದೆ. ಎರಡು ಹಳಿಗಳ ನಡುವಿನ ಧ್ರುವತೆ ಸತತವಾಗಿ ಅದಲುಬದಲಾಗುತ್ತಿರುತ್ತದೆ. ಒಂದು ಬದಲಾವಣೆಯಿಂದ ಇನ್ನೊಂದಕ್ಕೆ ಹಿಡಿದ ಕಾಲವನ್ನಷ್ಟೇ ಡಿಕೋಡರ್ ಅಳೆಯುತ್ತದೆ. ಅದು 58 ಮೈಕ್ರೊಸೆಕೆಂಡಿನ ಆಸುಪಾಸಿನಲ್ಲಿದ್ದರೆ ‘1’, 100 ಅಥವಾ ಅದಕ್ಕೂ ಹೆಚ್ಚಿದ್ದರೆ ‘0’. ಅಳತೆ ಕಾಲದ್ದೇ ಹೊರತು ವೋಲ್ಟೇಜಿನದ್ದಲ್ಲವಾದ್ದರಿಂದ, ಕೊಳೆಯಿಂದ ವೋಲ್ಟೇಜ್ ಸ್ವಲ್ಪ ಕುಸಿದರೂ ಓದು ಕೆಡುವುದಿಲ್ಲ. ಚಕ್ರದ ಸಂಪರ್ಕ ಕಡಿದು ಕೂಡುವಾಗ ಕೆಲವು ಬಿಟ್‌ಗಳು ಕೆಡುವುದುಂಟು, ನಿಜ. ಆದರೆ ಪ್ರತಿ ಪ್ಯಾಕೆಟ್ಟಿನ (ಒಂದು ಆಜ್ಞೆಯ ಬಿಟ್‌ಗಳ ಕಂತೆಯ) ಕೊನೆಯಲ್ಲಿ, ಅದರ ಹಿಂದಿನ ಬೈಟ್‌ಗಳನ್ನು ಎಕ್ಸ್‌ಓಆರ್ (ಬಿಟ್‌ಗಳನ್ನು ಒಂದಕ್ಕೊಂದು ಹೋಲಿಸುವ ಲೆಕ್ಕ) ಮಾಡಿ ಪಡೆದ ತಪಾಸಣೆಯ ಬೈಟ್ ಒಂದಿರುತ್ತದೆ. ಡಿಕೋಡರ್ ತಾನೂ ಆ ಲೆಕ್ಕ ಮಾಡಿ, ತಾಳೆಯಾಗದಿದ್ದರೆ ಇಡೀ ಪ್ಯಾಕೆಟ್ಟನ್ನೇ ಕೈಬಿಡುತ್ತದೆ. ಮೂರು ಬೈಟಿನ ಪ್ಯಾಕೆಟ್ ಮುಗಿಯಲು ಸುಮಾರು 6 ಮಿಲಿಸೆಕೆಂಡು ಸಾಕು, ಅಲ್ಲದೆ ನಿಯಂತ್ರಣ ಪೆಟ್ಟಿಗೆ ಅದೇ ಆಜ್ಞೆಯನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ಮುಂದಿನದು ಬರುವವರೆಗೆ ಎಂಜಿನ್ ಹಳೆಯ ಆಜ್ಞೆಯಂತೆಯೇ ಸಾಗುತ್ತದೆ.

ಹಾಗಾದರೆ ತಡೆಯುವುದೇಕೆ? ಕೊರತೆಯಾಗುವುದು ಮಾಹಿತಿಯದ್ದಲ್ಲ, ವಿದ್ಯುತ್ತಿನದ್ದು. ಪೂರೈಕೆ ಕ್ಷಣಕಾಲ ನಿಂತರೂ ಡಿಕೋಡರಿನ ಚಿಪ್ ಆರಿಹೋಗಿ ಹೊಸದಾಗಿ ಎಚ್ಚರಗೊಳ್ಳಬೇಕಾಗುತ್ತದೆ. ನೀವು ಹೇಳಿದ ನುಗ್ಗಾಟದ ಮೂಲವೂ ಬಹುಮಟ್ಟಿಗೆ ಇಲ್ಲೇ ಇದೆ. ಹಾಗೆ ಎಚ್ಚರಗೊಂಡ ಡಿಕೋಡರಿಗೆ ಸರಿಯಾದ ಡಿಜಿಟಲ್ ಸಂಕೇತ ಸಿಗದಿದ್ದರೆ, ವೋಲ್ಟೇಜೇ ವೇಗವನ್ನು ನಿರ್ಧರಿಸುವ ಹಳೆಯ ಡಿಸಿ (ಏಕಮುಖ ವಿದ್ಯುತ್) ಹಳಿಯ ಮೇಲಿದ್ದೇನೆಂದು ತಿಳಿದು ಅದು ಹಳಿಯ ಪೂರ್ತಿ ವೋಲ್ಟೇಜನ್ನು ಮೋಟಾರಿಗೆ ಕೊಡಬಹುದು. ಡಿಕೋಡರಿನ ಹೊಂದಾಣಿಕೆ ಸಂಖ್ಯೆಗಳಲ್ಲಿ ಒಂದಾದ ಸಿವಿ 29ರಲ್ಲಿ, ಡಿಸಿಯಲ್ಲಿ ಓಡುವ ಈ ಅನುಮತಿಯನ್ನು ತೆಗೆದುಹಾಕಿ: ಅಲ್ಲಿ 6 ಇದ್ದರೆ 2 ಎಂದು, 38 ಇದ್ದರೆ 34 ಎಂದು ಬರೆಯಿರಿ. ಡಿಸಿಯಲ್ಲಿ ಓಡಿಸುವ ಉದ್ದೇಶವಿಲ್ಲದ ಎಲ್ಲರೂ ಇದನ್ನು ಮೊದಲ ದಿನವೇ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಜಿನಂಚಿನಿಂದ ಬಿದ್ದ ಎಂಜಿನ್ ಹಾಳಾಗುವುದನ್ನು ನೋಡುವುದು ಬೇಸರದ ಸಂಗತಿ. ಡಿಕೋಡರಿನಲ್ಲಿ ಅವಕಾಶವಿದ್ದರೆ ವಿದ್ಯುತ್ ಕಾದಿಡುವ ಕೆಪಾಸಿಟರ್ ಜೋಡಿಸಿ, ಸಣ್ಣ ಕಡಿತಗಳ ತೊಂದರೆ ತಪ್ಪುತ್ತದೆ.

ಹಳಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ಬಟ್ಟೆಯಿಂದ ಒರೆಸಿ. ಆಗ ಹಳಿಯ ವಿದ್ಯುತ್ ಆರಿಸಿರಬೇಕು, ಕಿಟಕಿ ತೆರೆದಿರಬೇಕು. ಉಪ್ಪುಕಾಗದದಿಂದ ಮಾತ್ರ ಉಜ್ಜಬೇಡಿ, ಅದರ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಎಂಜಿನ್ನಿನ ಚಕ್ರಗಳನ್ನೂ ಜೊತೆಯಲ್ಲೇ ಒರೆಸಿ.