ಫೋನಿನಲ್ಲಿ 60 ನಂಬರು, ಜ್ವರ ಬಂದಾಗ ಒಂದೂ ಇಲ್ಲ

ಓದುಗರ ಪತ್ರ: “ಹೊರದೇಶಕ್ಕೆ ಬಂದು ಎಂಟು ತಿಂಗಳಾಯಿತು. ಮನೆಯಲ್ಲೇ ಕೂತರೆ ಯಾರೂ ಪರಿಚಯ ಆಗುವುದಿಲ್ಲ ಎಂದು ಪ್ರತಿ ಶನಿವಾರ ಹೊರಗೆ ಹೋಗುತ್ತೇನೆ. ಒಂದು ವಾರ ಚಾರಣ, ಇನ್ನೊಂದು ವಾರ ಚಿತ್ರ ಬಿಡಿಸುವ ಕಾರ್ಯಾಗಾರ, ಮತ್ತೊಂದು ವಾರ ಹೊಸಬರ ಕೂಟ. ಫೋನಿನಲ್ಲಿ 60 ಹೊಸ ನಂಬರುಗಳಿವೆ. ಹೋದ ತಿಂಗಳು ಜ್ವರ ಬಂದು ಮಲಗಿದಾಗ ಅಷ್ಟರಲ್ಲಿ ಒಬ್ಬರಿಗೂ ಫೋನ್ ಮಾಡುವಷ್ಟು ಸಲಿಗೆ ಇರಲಿಲ್ಲ. ಊರನ್ನೂ ಇನ್ನೂ ಪ್ರವಾಸಿಯ ಹಾಗೇ ನೋಡುತ್ತಿದ್ದೇನೆ. ಇಲ್ಲಿಯ ಜನವೇ ಹೀಗಾ, ಇಲ್ಲ ನನ್ನಲ್ಲೇ ಏನಾದರೂ ಕೊರತೆ ಇದೆಯಾ?”

ಸಂಪಾದಕರ ಉತ್ತರ: ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಜ್ವರ ಪೂರ್ತಿ ಬಿಟ್ಟಿದೆ ಎಂದುಕೊಂಡಿದ್ದೇನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಲ್ಲಿಯ ಜನರ ಮೇಲೂ ನಿಮ್ಮ ಮೇಲೂ ತಪ್ಪು ಹೊರಿಸಲು ನನಗೆ ಕಾರಣ ಸಿಗಲಿಲ್ಲ. ತಪ್ಪಿರುವುದು ಲೆಕ್ಕ. ನೀವು ವಾರಕ್ಕೊಂದು ಹೊಸ ಕಡೆ ಹೋಗುತ್ತಿದ್ದೀರಿ. ಅದನ್ನು ನಿಲ್ಲಿಸಿ.

ಯಾಕೆ ಹೇಳುತ್ತೇನೆ ಕೇಳಿ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಗಷ್ಟೇ ಊರು ಬದಲಿಸಿದ್ದ 355 ಮಂದಿಯನ್ನು, ಹೊಸದಾಗಿ ಪರಿಚಯವಾದವರ ಜೊತೆ ಎಷ್ಟು ಹೊತ್ತು ಕಳೆದಿರಿ, ಈಗ ಅವರು ನಿಮಗೆ ಏನಾಗಬೇಕು ಎಂದು ಕೇಳಿದರು. ಆಮೇಲೆ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿದರು. ಮುಖಪರಿಚಯ ಸ್ವಲ್ಪ ಸ್ನೇಹ ಅನ್ನಿಸಿಕೊಳ್ಳಲು ಸುಮಾರು 50 ಗಂಟೆ ಬೇಕಾಯಿತು. ಸ್ನೇಹಿತರು ಎಂದು ಹೇಳಿಕೊಳ್ಳಲು 90 ಗಂಟೆ. ಆಪ್ತರಾಗಲು 200ಕ್ಕೂ ಹೆಚ್ಚು.

ಗಡಿಯಾರ ಹಿಡಿದು ಕೂರಿ ಎನ್ನುತ್ತಿಲ್ಲ. ಆದರೂ ನಿಮ್ಮ ಎಂಟು ತಿಂಗಳನ್ನು ಕೂಡಿ ನೋಡಿ. 34 ಶನಿವಾರ, ಸಲಕ್ಕೆ ಮೂರು ಗಂಟೆ ಅಂದರೂ 100 ಗಂಟೆ ಆಗಲೇ ಕಳೆದಿದ್ದೀರಿ. ಅಷ್ಟರಲ್ಲಿ ಒಂದಿಬ್ಬರು ಗಟ್ಟಿ ಸ್ನೇಹಿತರು ಆಗಬಹುದಿತ್ತು. ಅದು 60 ಜನಕ್ಕೆ ಚಿಲ್ಲರೆಯಾಗಿ ಹಂಚಿಹೋಯಿತು.

ಹಾಗಾಗಿ ಒಂದೇ ಜಾಗ ಹಿಡಿಯಿರಿ. ಹೊಲಿಗೆಯ ತರಗತಿಯೋ, ಹಾಡುವ ತಂಡವೋ, ಗ್ರಂಥಾಲಯದಲ್ಲಿ ಭಾಷೆ ಕಲಿಸುವ ಗುಂಪೋ, ಯಾವುದಾದರೂ ಸರಿ. ಪ್ರತಿ ವಾರ ಅದೇ ದಿನ, ಅದೇ ಹೊತ್ತು ಹೋಗಬೇಕು. ಯಾರೂ ಪರಿಚಯ ಆಗದಿದ್ದರೂ ಹೋಗಬೇಕು ಅನ್ನಿಸುವಂಥದ್ದನ್ನೇ ಆರಿಸಿ. ಮೊದಲ ಐದಾರು ವಾರ ನಿಜಕ್ಕೂ ಬೇಜಾರು ಹಿಡಿಸುತ್ತದೆ. ಅವರೆಲ್ಲ ತಮ್ಮತಮ್ಮಲ್ಲೇ ನಗುತ್ತಾರೆ, ನಿಮಗೆ ಅರ್ಧ ಮಾತು ತಿಳಿಯುವುದಿಲ್ಲ. ಏಳನೇ ವಾರ ನೀವು ತಪ್ಪಿಸಿಕೊಂಡರೆ, ಎಂಟನೇ ವಾರ ‘ಹೋದ ಸಲ ಯಾಕೆ ಬರಲಿಲ್ಲ?’ ಎಂದು ಯಾರೋ ಕೇಳುತ್ತಾರೆ. ನಿಮ್ಮ 60 ನಂಬರಿನವರಲ್ಲಿ ಒಬ್ಬರಾದರೂ ಇದನ್ನು ಕೇಳಲು ಸಾಧ್ಯವಿತ್ತಾ? ಅವರಿಗೆ ನೀವು ಮತ್ತೆ ಸಿಗುವವರೇ ಅಲ್ಲವಲ್ಲ.

ಪಾರ್ಕ್‌ರನ್ ಎಂಬ ಓಟದ ಕೂಟ ಶುರುವಾಗಿದ್ದೂ ಇಂಥದ್ದೇ ಆಸೆಯಿಂದ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿದರು. ಅವರನ್ನು ಸೇರಿಸಿದ್ದ ಪಾಲ್ ಸಿಂಟನ್-ಹೆವಿಟ್ ಅವರಿಗೆ ಆಗ ಪೆಟ್ಟಾಗಿ ಓಡಲು ಆಗುತ್ತಿರಲಿಲ್ಲ. ಓಟ ತಪ್ಪಿದರೂ ಓಟದ ಗೆಳೆಯರು ತಪ್ಪಬಾರದು ಎಂಬುದು ಅವರ ಯೋಚನೆ. ಈಗ ಅದು 20ಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತದೆ. ವಾರವಾರವೂ ಅದೇ ಪಾರ್ಕು, ಅದೇ ಬೆಳಗಿನ ಹೊತ್ತು, ಅದೇ 5 ಕಿಲೋಮೀಟರ್, ದುಡ್ಡು ಕೊಡಬೇಕಿಲ್ಲ. ಓಡಲಾಗದವರು ನಡೆಯಬಹುದು, ಇಲ್ಲವೇ ಸಮಯ ಗುರುತು ಹಾಕುವ, ದಾರಿ ತೋರಿಸುವ ಕೆಲಸಕ್ಕೆ ನಿಲ್ಲಬಹುದು. ನನ್ನ ಕೇಳಿದರೆ ಹೊಸಬರಿಗೆ ಆ ನಿಲ್ಲುವ ಕೆಲಸವೇ ವಾಸಿ. ಕೈಯಲ್ಲಿ ಒಂದು ಕೆಲಸ ಇದ್ದರೆ ಜನ ತಾವಾಗಿಯೇ ಬಂದು ಮಾತಾಡಿಸುತ್ತಾರೆ. ಮೂಲೆಯಲ್ಲಿ ಸುಮ್ನೆ ಲೋಟ ಹಿಡಿದು ‘ಯಾರ ಹತ್ತಿರ ಹೋಗಲಿ’ ಎಂದು ಒದ್ದಾಡಬೇಕಿಲ್ಲ.

ಆಫೀಸಿನಲ್ಲಿ ವಾರಕ್ಕೆ 40 ಗಂಟೆ ಒಟ್ಟಿಗೇ ಇರುತ್ತೇವಲ್ಲ ಎಂದು ನೀವು ಕೇಳಬಹುದು. ಆ ಗಂಟೆಗಳು ಸ್ನೇಹದ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ ಎಂದು ಹಾಲ್ ಅವರೂ ಕಂಡುಕೊಂಡರು. ಕೆಲಸ ಮುಗಿದ ಮೇಲೆ ಒಟ್ಟಿಗೆ ಅರ್ಧ ಗಂಟೆ ನಡೆದರೆ ಅದು ಬೇರೆ ಮಾತು.

ನಿಮ್ಮ ಪತ್ರದಲ್ಲಿ ಅಕ್ಕಪಕ್ಕದ ಮನೆಯವರ ಸುದ್ದಿಯೇ ಇಲ್ಲ, ಗಮನಿಸಿದಿರಾ? ಊರೆಲ್ಲ ಸುತ್ತಿದ್ದೀರಿ, ಪಕ್ಕದ ಬಾಗಿಲು ತಟ್ಟಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ, ಮದುವೆಯಾದ ವಿದ್ಯಾರ್ಥಿಗಳ ವಸತಿಯಲ್ಲಿ ಯಾರು ಯಾರಿಗೆ ಗೆಳೆಯರು ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ ಮತ್ತು ಜೊತೆಯವರು ಹುಡುಕಿ, 1950ರಲ್ಲಿ ಬರೆದರು. ಪಕ್ಕದ ಬಾಗಿಲಿನವರೇ ಜಾಸ್ತಿ ಗೆಳೆಯರಾಗಿದ್ದರು. ಮೆಟ್ಟಿಲಿನ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರಿದ್ದರು, ದಿನಾ ಹತ್ತಿ ಇಳಿಯುವವರ ಕಣ್ಣಿಗೆ ಬೀಳುತ್ತಿದ್ದರು ಅಷ್ಟೇ.

ನಾನೂ ಕೆಲವು ವರ್ಷ ಹೊರದೇಶದಲ್ಲಿದ್ದೆ. ಪಕ್ಕದ ಮನೆಯ ಹಿರಿಯರಿಗೆ ಏಳು ತಿಂಗಳು ಬರೀ ತಲೆಯಾಡಿಸಿದ್ದೇ ಆಯಿತು. ಒಂದು ಸಂಜೆ ಬಲ್ಬ್ ಬದಲಿಸಲು ಏಣಿ ಬೇಕಾಯಿತು. ಕೇಳಿದೆ. ಏಣಿ ಹೊತ್ತುಕೊಂಡು ಅವರೇ ಬಂದರು, ನಾನು ಹತ್ತಿದ್ದು ಸರಿಯಿಲ್ಲ ಎಂದು ಬೈದರು, ಆಮೇಲೆ ಒಂದು ಗಂಟೆ ಕೂತರು. ಮರುವಾರ ತಮ್ಮ ಹೊಸ ಫೋನ್ ಹಿಡಿದು ಬಂದರು, ಅಕ್ಷರ ದೊಡ್ಡದು ಮಾಡಿಕೊಡಬೇಕಿತ್ತು. ಊರಿನ ಎಷ್ಟೋ ಒಳದಾರಿ ನನಗೆ ಗೊತ್ತಾಗಿದ್ದು ಅವರ ಹಿಂದೆ ನಡೆದು. ಯಾವ ನಕ್ಷೆಯಲ್ಲೂ ‘ಈ ಬೆಂಚಿಗೆ ನಾಲ್ಕು ಗಂಟೆಗೆ ಬಿಸಿಲು ಬರುತ್ತದೆ’ ಎಂದು ಬರೆದಿರುವುದಿಲ್ಲ. ನೀವೂ ಏನಾದರೂ ಸಣ್ಣದು ಕೇಳಿ. ಕೇಳಿದರೆ ಹೊರೆಯಾಗುತ್ತೇನೋ ಎಂಬ ಸಂಕೋಚ ನಮ್ಮಲ್ಲಿ ಸ್ವಲ್ಪ ಜಾಸ್ತಿ.

ಬಂದು ಎಂಟು ತಿಂಗಳಾಯಿತು ಎಂದಿರಲ್ಲ, ಇನ್ನು ಅದರ ಬಗ್ಗೆ. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್ಗಾರ್ಡ್ 1955ರಲ್ಲಿ, ಅಮೆರಿಕಕ್ಕೆ ಹೋಗಿಬಂದ ತಮ್ಮ ದೇಶದವರನ್ನು ಮಾತಾಡಿಸಿ ಬರೆದಿದ್ದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು, ಒಂದೂವರೆ ವರ್ಷಕ್ಕಿಂತ ಜಾಸ್ತಿ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನವರೇ ಹೆಚ್ಚು ಕಷ್ಟಪಟ್ಟವರು. ಇದು ಎಲ್ಲರಿಗೂ ಹೀಗೇ ಆಗುವುದಿಲ್ಲ ಎಂದು ಆಮೇಲೆ ಬಂದ ಸಂಶೋಧಕರು ತಕರಾರು ಎತ್ತಿದ್ದಾರೆ. ನಿಮ್ಮ ಪತ್ರ ಓದುವಾಗ ಮಾತ್ರ ನನಗೆ ಅದೇ ನೆನಪಾಯಿತು.

ನಮ್ಮ ಭಾಷೆಯವರ ಜೊತೆ ಸೇರುವುದು ಹಿಂದೆ ಬಿದ್ದಂತೆ ಎಂದು ಕೆಲವರು ಬುದ್ಧಿ ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ದಣಿದ ದಿನ ಅನುವಾದ ಮಾಡದೆ ಬಾಯಿ ಬಿಡುವ ಜಾಗ ಒಂದು ಬೇಕು. ಇರುವ ಸಂಜೆಯೆಲ್ಲ ಅಲ್ಲೇ ಕಳೆಯದಿದ್ದರೆ ಸಾಕು.

ಈಗ ಆ 60 ನಂಬರುಗಳು. ಎಲ್ಲರಿಗೂ ಸಂದೇಶ ಕಳಿಸಬೇಡಿ. ಜ್ವರದ ರಾತ್ರಿ ಪಟ್ಟಿ ನೋಡುವಾಗ ಯಾವುದೋ ಒಂದು ಹೆಸರಿನ ಮೇಲೆ ಬೆರಳು ಒಂದು ಕ್ಷಣ ನಿಂತಿರುತ್ತದೆ. ‘ಒಂದೇ ಸಲ ಸಿಕ್ಕಿದ್ದಲ್ವಾ, ಅವರಿಗೆ ನೆನಪಿರುತ್ತದಾ’ ಎಂದು ಮುಂದೆ ಹೋಗಿರುತ್ತೀರಿ. ಮೊದಲ ಭೇಟಿಯ ನಂತರ, ಎದುರಿನವರಿಗೆ ನಾವು ಎಷ್ಟು ಇಷ್ಟವಾದೆವು ಎಂಬುದನ್ನು ಹೆಚ್ಚಿನವರು ಕಡಿಮೆಯೇ ಅಂದಾಜು ಮಾಡುತ್ತೇವೆ. ಮನಶ್ಶಾಸ್ತ್ರಜ್ಞೆ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಇದನ್ನು ತೋರಿಸಿದ್ದಾರೆ. ಆ ಒಬ್ಬರಿಗೆ ಬರೆಯಿರಿ. ‘ಹೇಗಿದ್ದೀರಿ’ ಎಂದು ಬೇಡ, ಅದಕ್ಕೆ ‘ಚೆನ್ನಾಗಿದ್ದೇನೆ’ ಎಂದು ಬರುತ್ತದೆ, ಅಲ್ಲಿಗೆ ಮುಗಿಯಿತು. ‘ಈ ಶನಿವಾರದಿಂದ ಇಂಥ ತರಗತಿಗೆ ಸೇರುತ್ತಿದ್ದೇನೆ, ಒಬ್ಬಳೇ ಹೋಗಲು ಮನಸ್ಸಿಲ್ಲ, ನೀವೂ ಬರುತ್ತೀರಾ?’ ಎಂದು ಕೇಳಿ.