ಸ್ನಾಯು ಎಳೆಯುವುದು ಆಕ್ಟಿನ್, ಮಯೋಸಿನ್ ಆದರೆ ಟೈಟಿನ್, ಡಿಸ್ಟ್ರೋಫಿನ್ ಎಲ್ಲ ಯಾಕೆ ಬೇಕು?

ಪಿಯುಸಿ ಪಾಠದಲ್ಲಿ ಆಕ್ಟಿನ್, ಮಯೋಸಿನ್ ಎರಡನ್ನೇ ಓದಿದ್ದೇವೆ, ಉಳಿದ ಪ್ರೊಟೀನ್‌ಗಳಿಗೆ ಏನು ಕೆಲಸ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ನನಗೆ ತುಂಬಾ ಹತ್ತಿರದ ಪ್ರಶ್ನೆ ಇದು.

ಎಳೆಯುವುದು ಅವೆರಡೇ, ನಿಜ. ಆದರೆ ನಾಯಕನಹಟ್ಟಿ ತೇರನ್ನು ನೆನೆಸಿಕೊಳ್ಳಿ. ಸಾವಿರ ಜನ ಹಗ್ಗ ಜಗ್ಗಿದರೂ ಹಗ್ಗದ ತುದಿಯನ್ನು ತೇರಿಗೆ ಕಟ್ಟಿರದಿದ್ದರೆ ಗಾಲಿ ಉರುಳುವುದಿಲ್ಲ ಅಲ್ವಾ? ಕಟ್ಟುವ, ಹಿಡಿದಿಡುವ ಕೆಲಸ ಉಳಿದ ಪ್ರೊಟೀನ್‌ಗಳದ್ದು.

ಸ್ನಾಯುವಿನೊಳಗೆ ಸಾಲಾಗಿ ಜೋಡಿಸಿರುವ, ಕುಗ್ಗುವ ಚಿಕ್ಕ ಘಟಕಕ್ಕೆ ಸಾರ್ಕೋಮಿಯರ್ ಅಂತ ಹೆಸರು. ಒಂದೊಂದೂ ಸುಮಾರು 2 ಮೈಕ್ರೋಮೀಟರ್ ಉದ್ದ. ಅದರ ಎರಡೂ ತುದಿಗೆ ಝಡ್ ಗೆರೆ. ಅಲ್ಲಿ ಆಕ್ಟಿನ್ ಎಳೆಗಳನ್ನು ಬಿಗಿದಿಡುವುದು ಆಲ್ಫಾ ಆಕ್ಟಿನಿನ್. ಝಡ್ ಗೆರೆಯಿಂದ ನಡುವಿನ ಎಂ ಗೆರೆಯವರೆಗೆ ಚಾಚಿಕೊಂಡಿರುವುದು ಟೈಟಿನ್. 30,000ಕ್ಕೂ ಜಾಸ್ತಿ ಅಮೈನೋ ಆಮ್ಲಗಳ ಸರಪಳಿ ಅದು, ನಮ್ಮ ಮೈಯಲ್ಲಿರುವ ಅತಿ ದೊಡ್ಡ ಪ್ರೊಟೀನ್. ಸ್ನಾಯು ಹಿಗ್ಗಿದರೆ ಸ್ಪ್ರಿಂಗ್ ತರಹ ಹಿಂದಕ್ಕೆ ಎಳೆಯುತ್ತದೆ, ಮಯೋಸಿನ್ ನಡುವಿನಿಂದ ಸರಿಯದಂತೆ ನೋಡಿಕೊಳ್ಳುತ್ತದೆ. ಅಕ್ಕಪಕ್ಕದ ಸಾರ್ಕೋಮಿಯರ್ ಸಾಲುಗಳ ಝಡ್ ಗೆರೆಗಳನ್ನು ಒಂದಕ್ಕೊಂದು ಹೊಂದಿಸಿ ಕಟ್ಟುವುದು ಡೆಸ್ಮಿನ್. ಚಿತ್ರದುರ್ಗದ ಕೋಟೆ ಹತ್ತಿ ಇಳಿದ ಮರುದಿನ ತೊಡೆ ಹಿಡಿದುಕೊಳ್ಳುತ್ತದಲ್ಲ, ಅದಕ್ಕೆ ಇಳಿಯುವುದೇ ಹೆಚ್ಚು ಕಾರಣ. ಇಳಿಯುವಾಗ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುತ್ತದೆ, ಆಗ ಕೆಲವು ಝಡ್ ಗೆರೆಗಳು ಹರಿದು ಅಸ್ತವ್ಯಸ್ತ ಆಗುತ್ತವೆ. ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

ಡಿಸ್ಟ್ರೋಫಿನ್ ಕತೆ ಬೇರೆ. ಅದರ ಒಂದು ತುದಿ ಒಳಗಿನ ಆಕ್ಟಿನ್‌ಗೆ, ಇನ್ನೊಂದು ತುದಿ ಕೋಶದ ಪೊರೆಯಲ್ಲಿರುವ ಪ್ರೊಟೀನ್‌ಗಳಿಗೆ ಅಂಟಿರುತ್ತದೆ. 1987ರಲ್ಲಿ ಅಮೆರಿಕದ ಲೂಯಿ ಕುಂಕೆಲ್ ತಂಡ ಇದನ್ನು ಗುರುತಿಸಿತು. ಇದು ಇಲ್ಲದಿದ್ದರೆ ಪ್ರತಿ ಎಳೆತಕ್ಕೂ ಪೊರೆಗೆ ಪೆಟ್ಟು. ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಒಳಗಿನ ಸಿಕೆ (ಕ್ರಿಯೇಟಿನ್ ಕೈನೇಸ್) ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಸತ್ತ ಸ್ನಾಯುವಿನ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತವೆ. ಇದೇ ಡುಶೇನ್ ಎಂಬ ಸ್ನಾಯು ಕ್ಷಯಿಸುವ ಕಾಯಿಲೆ. ಡಿಸ್ಟ್ರೋಫಿನ್ ಮಾಡುವ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಬಹುಪಾಲು ಗಂಡುಮಕ್ಕಳಿಗೇ ಬರುತ್ತದೆ.

ಅಂಥ ಹುಡುಗ ನೆಲದಿಂದ ಏಳುವುದನ್ನು ನೋಡಬೇಕು. ಮೊದಲು ಬೋರಲಾಗುತ್ತಾನೆ. ಕಾಲು ಅಗಲಿಸಿ ಸೊಂಟ ಎತ್ತುತ್ತಾನೆ. ಆಮೇಲೆ ಕೈಯನ್ನು ಮೊಣಕಾಲಿಗೆ, ಅಲ್ಲಿಂದ ತೊಡೆಗೆ ಊರುತ್ತಾ ತನ್ನ ಮೈಮೇಲೆ ತಾನೇ ಹತ್ತಿದ ಹಾಗೆ ನಿಲ್ಲುತ್ತಾನೆ. ಮೀನಖಂಡ ದಪ್ಪಗಿರುತ್ತದೆ. "ಕಾಲು ಗಟ್ಟಿಯಾಗೇ ಇದೆಯಲ್ಲ ಸರ್" ಅನ್ನುತ್ತಾರೆ ತಂದೆ. ಆ ದಪ್ಪದಲ್ಲಿ ಕೊಬ್ಬೂ ಸೇರಿರುತ್ತದೆ. ಈ ಹುಡುಗನಲ್ಲಿ ಆಕ್ಟಿನ್, ಮಯೋಸಿನ್ ಎರಡನ್ನೂ ಮಾಡುವ ಜೀನ್‌ಗಳು ಸರಿಯಾಗೇ ಇವೆ ಅನ್ನುವುದನ್ನು ಗಮನಿಸಿ.

ನಿಮ್ಮ ಮನೆ ಹತ್ತಿರ ಮೂರು ನಾಲ್ಕು ವರ್ಷದ ಹುಡುಗ ಪದೇ ಪದೇ ಬೀಳುತ್ತಿದ್ದರೆ, ಮೆಟ್ಟಿಲು ಹತ್ತಲು ಒದ್ದಾಡುತ್ತಿದ್ದರೆ, ಸೋಮಾರಿ ಅಂತ ಸುಮ್ನೆ ಬೈಯಬೇಡಿ, ಬಲ ಬರಲಿ ಅಂತ ಬಸ್ಕಿ ಹೊಡೆಸಬೇಡಿ. ಬಸ್ಕಿಯಲ್ಲಿ ಕೂರುವಾಗಲೂ ಕೋಟೆ ಇಳಿದಾಗಿನ ಎಳೆತವೇ. ಮಕ್ಕಳ ಡಾಕ್ಟರಿಗೆ ತೋರಿಸಿ, ಸಿಕೆ ರಕ್ತಪರೀಕ್ಷೆ ಬೇಕಾ ಅಂತ ಕೇಳಿ.